ಚಂಪಕ ವಿಹಾರದ ಅಜ್ಜಂಪುರ ಶಾಖೆ

ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕಾಣುವ ಹೋಟಲು ಲಕ್ಷ್ಮೀಪತಿಯದು. ಕಟ್ಟಡ ಅವನ ತಂದೆ ಕಟ್ಟಿಸಿದ್ದು, ಲೈಸೆನ್ಸು ಇದ್ದದ್ದು ಅವನ ಹೆಸರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಿದ್ದವನೂ ಅವನೇ. ಆದರೂ ಊರಿನವರ ಬಾಯಲ್ಲಿ ಅದು ‘ಭಾಗೀರಥಮ್ಮನ ಹೋಟ್ಲು’. ಅವನ ಹೆಂಡತಿ ಭಾಗೀರಥಮ್ಮ ಒಳಗೆ ತಟ್ಟುತ್ತಿದ್ದ ಅಕ್ಕಿರೊಟ್ಟಿ ಮತ್ತು ಅರೆಯುತ್ತಿದ್ದ ಹುಚ್ಚೆಳ್ಳು ಚಟ್ನಿ ಅಷ್ಟು ಹೆಸರು ಮಾಡಿದ್ದವು.

ಇದನ್ನು ಲಕ್ಷ್ಮೀಪತಿ ಬಹಳ ಕಾಲ ಸಹಿಸಿಕೊಂಡಿದ್ದ. ಸಹಿಸದೆ ಬೇರೆ ದಾರಿಯೂ ಇರಲಿಲ್ಲ, ಏಕೆಂದರೆ ಅವನು ಹೆದರುವ ಸ್ವಭಾವದ ಮನುಷ್ಯ. ನಾಯಿಗೆ ಹೆದರುತ್ತಿದ್ದ, ಅಮಲ್ದಾರರ ಜೀಪಿಗೆ ಹೆದರುತ್ತಿದ್ದ, ಹುಟ್ಟಿದಾಗಿನಿಂದ ಸ್ಟೇಷನ್ನಿನ ಎದುರಿಗೇ ಬೆಳೆದಿದ್ದರೂ ಎಂಜಿನ್ ಕೂಗಿದರೆ ಒಂದು ಸಲ ಬೆಚ್ಚಿಬೀಳುತ್ತಿದ್ದ. ಆದರೆ ಒಂದು ದಿನ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ರೊಟ್ಟಿ ತಿಂದು ಕೈ ತೊಳೆದು, ಗಲ್ಲಾದ ಮುಂದೆ ನಿಂತು, “ರೊಟ್ಟಿ ಬಹಳ ಚೆನ್ನಾಗಿತ್ತು ಅಂತ ಭಾಗೀರಥಮ್ಮನವರಿಗೆ ಹೇಳಪ್ಪ. ನೀನು ಇಲ್ಲಿ ಸಂಬಳಕ್ಕಿದ್ದೀಯೋ?” ಎಂದು ಕೇಳಿಬಿಟ್ಟರು.

“ಹೌದು ಸ್ವಾಮಿ,” ಎಂದ ಲಕ್ಷ್ಮೀಪತಿ, ಹೆದರಿಕೆಯಲ್ಲಿ.

ಅಂದು ರಾತ್ರಿ ಅವನಿಗೆ ಊಟ ಸೇರಲಿಲ್ಲ. ತನ್ನ ಹೋಟಲಿಗೊಂದು ಹೆಸರು ಬೇಕು, ಹೆಸರಿಗೊಂದು ಬೋರ್ಡು ಬೇಕು, ಅದು ಎಂಥ ಹೆಸರಾಗಿರಬೇಕೆಂದರೆ ಅದರ ಕೆಳಗೆ ಕೂತವನನ್ನು ಯಾರೂ ಏಕವಚನದಲ್ಲಿ ಮಾತಾಡಿಸಬಾರದು, ಎಂದು ತೀರ್ಮಾನಿಸಿದ.

ಅದು ನಯಾಪೈಸೆ ಹೊಸದಾಗಿ ಬಂದು ಜನ ಲೆಕ್ಕ ತಪ್ಪುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಆಗ ‘ಚಂಪಕ ವಿಹಾರ’ ಎಂಬ ಕಾಫಿ ತಿಂಡಿ ಹೋಟಲು ಬಹಳ ಜೋರಾಗಿ ನಡೆಯುತ್ತಿತ್ತು. ಅದರ ಯಜಮಾನರು ಊರೂರಿನಲ್ಲಿ ಶಾಖೆ ಕೊಡುತ್ತಾರಂತೆ ಎಂಬ ಸುದ್ದಿ ಕೇಳಿ ಲಕ್ಷ್ಮೀಪತಿ ರೈಲು ಹತ್ತಿದ.

ಯಜಮಾನರು ದಪ್ಪನೆಯ ಕನ್ನಡಕದ, ತೆಳ್ಳನೆಯ ದನಿಯ ಮನುಷ್ಯ. ಇವನನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು.

“ನೋಡಿ ಲಕ್ಷ್ಮೀಪತಿಯವರೇ, ಕಟ್ಟಡ ನಿಮ್ಮದು, ಹೆಸರು ನಮ್ಮದು. ಒಲೆ ನಿಮ್ಮದು, ಪುಡಿ ನಮ್ಮದು. ಲಾಭ ನಿಮ್ಮದು, ಅದರಲ್ಲಿ ಒಂದು ಪಾಲು ನಮ್ಮದು. ಒಂದು ಹೋಟಲು ಹೆಸರು ಮಾಡ್ಬೇಕಾದ್ರೆ ಒಬ್ಬ ಮನುಷ್ಯನ ಆಯಸ್ಸೇ ಹಿಡಿಯುತ್ತೆ. ನಿಮಗೆ ಆ ಕಷ್ಟವೇ ಇಲ್ಲ. ಬೋರ್ಡು ಹಾಕಿದ ದಿನವೇ ನೀವು ದೊಡ್ಡವರು.”

ಲಕ್ಷ್ಮೀಪತಿಗೆ ಕಣ್ಣು ತುಂಬಿ ಬಂತು.

“ಆದ್ರೆ ಒಂದು,” ಎಂದರು ಯಜಮಾನರು. “ಬೆಂಗಳೂರಲ್ಲಿ ತಿಂದ ಸಾಂಬಾರು, ಅಜ್ಜಂಪುರದಲ್ಲಿ ತಿಂದ ಸಾಂಬಾರು, ಎರಡೂ ಒಂದೇ ಇರ್ಬೇಕು. ನಾವು ಹೇಳಿದ ತಿಂಡಿ ಬಿಟ್ಟು ಬೇರೆ ಏನೂ ಮಾಡಕೂಡದು. ಗೋಡೆಗೆ ಹಸಿರು ಬಣ್ಣ. ಬಂದವರಿಗೆ ‘ದಯಮಾಡಿಸಿ’ ಅನ್ನಬೇಕು, ತಿಂದಾದ ಮೇಲೆ ಕೂತು ಹರಟೆ ಹೊಡೆಯೋಕೆ ಬಿಡಕೂಡದು. ಇದೆಲ್ಲ ಸರಿಯಾಗಿದೆಯೋ ಇಲ್ಲವೋ ಅಂತ ನೋಡೋಕೆ ನಮ್ಮ ಪರೀಕ್ಷಕರು ಬರ್ತಾರೆ.”

“ಯಾವಾಗ ಬರ್ತಾರೆ ಸ್ವಾಮಿ?”

“ಅದನ್ನ ಹೇಳೋದಿಲ್ಲ. ಯಾರು ಅಂತಲೂ ಹೇಳೋದಿಲ್ಲ. ಎಲ್ಲರ ಹಾಗೇ ಬಂದು, ಎಲ್ಲರ ಹಾಗೇ ತಿಂದು ಹೋಗ್ತಾರೆ. ತಪ್ಪು ಕಂಡುಬಂದ್ರೆ ಬೋರ್ಡು ಕೆಳಗಿಳಿಯುತ್ತೆ. ಆಮೇಲೆ ಅದೇ ಬೀದಿಯಲ್ಲಿ, ನಿಮ್ಮ ಎದುರಿಗೇ, ಬೇರೆಯವರಿಗೆ ಶಾಖೆ ಕೊಡ್ತೀವಿ.”

ಲಕ್ಷ್ಮೀಪತಿಯ ಕಣ್ಣಿನ ನೀರು ಅಲ್ಲೇ ಇಂಗಿಹೋಯಿತು. ರುಜು ಹಾಕುವಾಗ ಕೈ ಎಷ್ಟು ನಡುಗಿತೆಂದರೆ, ಹೆಸರಿನ ಕೊನೆಯ ಅಕ್ಷರ ಮೇಜಿನ ಮೇಲೆ ಬಿತ್ತು.

ಬೋರ್ಡು ಗೂಡ್ಸ್ ಗಾಡಿಯಲ್ಲಿ ಬಂತು. ಸ್ಟೇಷನ್ ಮಾಸ್ತರರು ಹೊರಗೆ ಬಂದು ನಿಂತು ನೋಡಿದರು. ಪಕ್ಕದ ದವಸದ ಮಂಡಿಯ ಚನ್ನಬಸಪ್ಪನವರು ಏಣಿ ಕೊಟ್ಟರು. ಹಸಿರು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಚಂಪಕ ವಿಹಾರ, ಅಜ್ಜಂಪುರ ಶಾಖೆ’ ಎಂದು ಮೂಡಿತು. ಯಜಮಾನರು ಹೇಳಿದ್ದು ಸುಳ್ಳಾಗಲಿಲ್ಲ. ಹುಬ್ಬಳ್ಳಿ ಕಡೆಯ ಗಾಡಿ ನಿಂತ ಕೂಡಲೇ, ಬೆಂಗಳೂರಿನ ರುಚಿ ಕಂಡ ಪ್ರಯಾಣಿಕರು ಬೋರ್ಡು ಗುರುತು ಹಿಡಿದು ಇಳಿದು ಓಡಿ ಬರತೊಡಗಿದರು. ಕೋಟು ಹಾಕಿದವರು ಬಂದರು, ಇಂಗ್ಲಿಷ್ ಪೇಪರು ಹಿಡಿದವರು ಬಂದರು. ‘ಯಜಮಾನರೇ’ ಎಂದು ಲಕ್ಷ್ಮೀಪತಿಯನ್ನು ಕೂಗಿದರು. ಹಿಂದೆ ವಾರವೆಲ್ಲ ಆಗುತ್ತಿದ್ದ ವ್ಯಾಪಾರ ಈಗ ಸಂತೆಯ ಒಂದು ದಿನದಲ್ಲೇ ಆಗುತ್ತಿತ್ತು.

ಸಂಕಟಪಟ್ಟವನು ಕರಿಸಿದ್ದಪ್ಪ. ಊರಾಚೆಯ ಹೊಲದವನು, ಲಕ್ಷ್ಮೀಪತಿಯ ಅಪ್ಪನ ಕಾಲದಿಂದ ಇಲ್ಲಿ ರೊಟ್ಟಿ ತಿಂದವನು. ಕಂಬಳಿ ಹೊದ್ದು ಬಂದು ಎಂದಿನ ಜಾಗದಲ್ಲಿ ಕೂತು ರೊಟ್ಟಿ ಕೇಳಿದ.

“ದಯಮಾಡಿಸಿ,” ಎಂದ ಲಕ್ಷ್ಮೀಪತಿ. “ರೊಟ್ಟಿ ಇಲ್ಲ. ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು.”

“ಯಾಕ್ ಸಾಮಿ, ಅಮ್ಮಾರ್ಗೆ ಮೈ ಉಸಾರಿಲ್ವಾ?”

“ಉಷಾರಾಗಿದ್ದಾಳೆ. ಕಂಪನಿ ಅಪ್ಪಣೆ ಇಲ್ಲ.”

ಕರಿಸಿದ್ದಪ್ಪ ಕಂಬಳಿ ತೆಗೆದು ಪಕ್ಕಕ್ಕಿಟ್ಟ. “ಅಕ್ಕಿ ನಮ್ದು, ಉಚ್ಚೆಳ್ಳು ನಮ್ದು, ಒಲೆ ನಿಮ್ದು, ಕೈ ಅಮ್ಮಾರ್ದು. ಬೆಂಗ್ಳೂರ್ನೋನಿಗೇನ್ ಕಷ್ಟ ಸಾಮಿ ಇದ್ರಾಗೆ?”

ಒಳಗಿನಿಂದ ಭಾಗೀರಥಮ್ಮ ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಕೇಳಿಸಿತು. ಕಂಪನಿಯ ಡಬ್ಬಿಯ ಪುಡಿ ಕಲಸುವುದು ಅಡಿಗೆಯಲ್ಲ, ಮದ್ದು ಅರೆಯುವ ಕೆಲಸ ಎಂಬುದು ಆಕೆಯ ಮತ.

ಆದರೆ ಲಕ್ಷ್ಮೀಪತಿಗೆ ಹೆಂಡತಿಯ ಸಿಟ್ಟಾಗಲಿ ಕರಿಸಿದ್ದಪ್ಪನ ಹಸಿವಾಗಲಿ ತಲೆಗೆ ಹೋಗುವ ಸ್ಥಿತಿಯಿರಲಿಲ್ಲ. ಪರೀಕ್ಷಕರು ಯಾರೆಂದು ಗೊತ್ತಿಲ್ಲದ್ದರಿಂದ, ಬಂದವರೆಲ್ಲ ಅವನಿಗೆ ಪರೀಕ್ಷಕರೇ. ಯಾರಾದರೂ ಸಾಂಬಾರಿನಲ್ಲಿ ಬೆರಳಾಡಿಸಿದರೆ ಅವನ ಎದೆ ರುಬ್ಬುಗುಂಡಿನ ಹಾಗೆ ಗುಡುಗುಟ್ಟುತ್ತಿತ್ತು. ಕೆಮ್ಮಿದರೆ ಇವನಿಗೆ ಬೆವರು. ತಿಂಡಿ ಚೆನ್ನಾಗಿದೆ ಎಂದು ಹೊಗಳಿದರಂತೂ ಇನ್ನೂ ಹೆಚ್ಚು ಬೆವರು, ಪರೀಕ್ಷಕರಲ್ಲದೆ ಮತ್ಯಾರು ಹಾಗೆ ಬಾಯಿಬಿಟ್ಟು ಹೊಗಳುತ್ತಾರೆ?

ಹೀಗಿರುವಾಗ ಒಂದು ದಿನ ಖಾಕಿ ಬಟ್ಟೆ ತೊಟ್ಟ ಒಬ್ಬರು ಒಳಗೆ ಬಂದರು. ಅವರ ಕೈಯಲ್ಲಿ ಉದ್ದ ಹಿಡಿಯ ಒಂದು ಸೌಟಿತ್ತು.

“ನಾನು ಇನ್ಸ್‌ಪೆಕ್ಟರು. ಒಳಗೆ ನೋಡಬೇಕು,” ಎಂದರು ಅವರು.

ಲಕ್ಷ್ಮೀಪತಿ ಗಲ್ಲಾದಿಂದ ಎದ್ದು ನಿಂತ. ಸೌಟು ತಂದಿದ್ದಾರೆ! ತಮ್ಮದೇ ಸೌಟು! ಕಂಪನಿ ಎಂದರೆ ಎಂಥ ಕಂಪನಿ! ಕೈ ಮುಗಿದು, “ದಯಮಾಡಿಸಿ,” ಎಂದ. ಆಮೇಲೆ ಹೆದರಿಕೆಯಲ್ಲಿ ಇನ್ನೂ ಕೆಲವು ಸಲ “ದಯಮಾಡಿಸಿ” ಎಂದ.

“ಎಷ್ಟು ದಿನದ್ದು ಇಟ್ಟಿದ್ದೀರಿ?” ಎಂದು ಇನ್ಸ್‌ಪೆಕ್ಟರು ಕೇಳಿದರು.

“ದಿನದ್ದೆಲ್ಲಿ ಬಂತು ಸ್ವಾಮಿ, ಇವತ್ತು ಬೆಳಿಗ್ಗೆ ಮಾಡಿದ್ದು.”

“ಮಾಡಿದ್ದು? ಸರಿ, ತುಂಬಿದ್ದು ಅನ್ನಿ. ಮುಚ್ಚಿಡ್ತೀರೋ, ತೆರೆದಿಡ್ತೀರೋ?”

“ಮುಚ್ಚಿಯೇ ಇಡ್ತೀವಿ.”

“ಎಲ್ಲರೂ ಹಾಗೇ ಹೇಳ್ತಾರೆ. ಹೋಗಿ ನೋಡಿದ್ರೆ ಹುಳ ಇರುತ್ತೆ.”

“ಅಯ್ಯೋ! ಇಲ್ಲ ಸ್ವಾಮಿ! ನನ್ನ ಮಕ್ಕಳಾಣೆ, ಹುಳ ಇಲ್ಲ! ತೊಗರಿಬೇಳೆ ಆರಿಸಿ, ತೊಳೆದು...”

ಇನ್ಸ್‌ಪೆಕ್ಟರು ಅವನ ಮಾತಿಗೆ ಕಿವಿಗೊಡಲಿಲ್ಲ. ಹೊರಗೆ ಗಾಡಿ ಬಂದು ನಿಂತಿತ್ತು. “ಅರ್ಜೆಂಟಿದೆ, ಆಮೇಲೆ ಬಂದು ನೋಡ್ತೀನಿ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಮೇಲೆ ಸ್ವಲ್ಪ ಸೀಮೆಎಣ್ಣೆ ಹಾಕಿ. ತೆಳ್ಳಗೆ ಹರಡಿಕೊಂಡ್ರೆ ಸಾಕು.”

“ಸೀಮೆಎಣ್ಣೆಯೇ?”

“ಹೌದು, ಸರ್ಕಾರವೇ ಹೇಳಿದೆ. ಬೀರೂರಲ್ಲಿ ಎಲ್ಲರೂ ಹಾಕ್ತಿದ್ದಾರೆ.”

ಅವರು ಸೌಟು ಹಿಡಿದು ಸ್ಟೇಷನ್ನಿನ ಕಡೆ ಓಡಿದರು. ಲಕ್ಷ್ಮೀಪತಿ ನಿಂತಲ್ಲೇ ನಿಂತ. ಸೀಮೆಎಣ್ಣೆ ಹಾಕಿದ ಸಾಂಬಾರನ್ನು ಯಾರು ತಿಂದಾರು ಎಂಬ ಪ್ರಶ್ನೆ ಅವನ ತಲೆಗೆ ಬರದೆ ಇರಲಿಲ್ಲ. ಆದರೆ ಬೀರೂರಿನಲ್ಲಿ ಎಲ್ಲರೂ ಹಾಕುತ್ತಿದ್ದಾರೆ ಎಂದ ಮೇಲೆ ತಾನು ಹಾಕದಿದ್ದರೆ ಬೋರ್ಡಿನ ಗತಿ? ಅಡಿಗೆಮನೆಗೆ ಹೋಗಿ, ಲಾಟೀನಿಗೆಂದು ಇಟ್ಟಿದ್ದ ಬಾಟಲಿ ಎತ್ತಿಕೊಂಡು, ಕಣ್ಣು ಮುಚ್ಚಿ, ಸಾಂಬಾರಿನ ಹಂಡೆಯ ಮೇಲೆ ಬಗ್ಗಿಸಿದ.

ಭಾಗೀರಥಮ್ಮ ಅವನ ಕೈ ಹಿಡಿದುಕೊಂಡಳು. “ಏನೂಂದ್ರೆ! ಏನ್ ಮಾಡ್ತಿದ್ದೀರಿ?”

“ಬಿಡೇ! ಕಂಪನಿ ಅಪ್ಪಣೆ ಕಣೇ! ಇನ್ಸ್‌ಪೆಕ್ಟರೇ ಬಂದು ಹೇಳಿ ಹೋದ್ರು!”

“ಯಾವ ಇನ್ಸ್‌ಪೆಕ್ಟರು? ಈಗ ಸೌಟು ಹಿಡ್ಕೊಂಡು ಹೋದೋರಾ? ಅವರು ಮಲೇರಿಯಾ ಇನ್ಸ್‌ಪೆಕ್ಟರು ಕಣ್ರೀ! ನೀರಿನ ತೊಟ್ಟೀಲಿ ಸೊಳ್ಳೆ ಮರಿ ಹುಡುಕೋರು!”

ಲಕ್ಷ್ಮೀಪತಿ ಬಾಟಲಿ ಕೆಳಗಿಟ್ಟು ರುಬ್ಬುವ ಕಲ್ಲಿನ ಮೇಲೆ ಕುಸಿದು ಕೂತ. ಮೊದಲು ಅವನಿಗೆ ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನದೊಳಗಿಂದ ಮೊದಲಿಗಿಂತ ದೊಡ್ಡ ಭಯ ಎದ್ದು ಬಂತು. ಹಾಗಾದರೆ ನಿಜವಾದ ಪರೀಕ್ಷಕರು ಇನ್ನೂ ಬರಬೇಕು!

ವಿಷಯ ಮಂಡಿಗೆ ಮುಟ್ಟಿತು. ಚನ್ನಬಸಪ್ಪನವರು ಹೊಟ್ಟೆ ಕುಲುಕಿಸಿ ನಕ್ಕು ಮುಗಿಸಿದ ಮೇಲೆ ಬುದ್ಧಿ ಹೇಳಿದರು.

“ಅಲ್ಲ ಕಣಪ್ಪಾ ಲಕ್ಷ್ಮೀಪತಿ, ಹಿಂಗೆ ದಿನಾ ಸಾಯೋ ಬದ್ಲು ತರೀಕೆರೆಗೆ ಹೋಗಿ ಬಾ. ಅಲ್ಲೂ ನಿಮ್ಮ ಚಂಪಕ ವಿಹಾರದ ಶಾಖೆ ಆಗೈತೆ. ಲಕ್ಕವಳ್ಳಿ ಅಣೆಕಟ್ಟಿನ ಇಂಜಿನಿಯರುಗಳೆಲ್ಲ ಅಲ್ಲೇ ತಿನ್ನೋದಂತೆ. ಅವರು ಹೆಂಗೆ ನಡೆಸ್ತಾರೆ ನೋಡು, ಹಂಗೇ ನೀನೂ ನಡೆಸು. ನೀನು ಯಾರು ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ಗುಟ್ಟು ಬಿಟ್ಟುಕೊಡಲ್ಲ.”

ಲಕ್ಷ್ಮೀಪತಿ ಮದುವೆಯ ಕಪ್ಪು ಕೋಟು ತೊಟ್ಟು, ಜರಿ ಪೇಟ ಸುತ್ತಿ, ಕೊಡೆ ಹಿಡಿದು, ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋದ. ಕೋಟು ತೊಟ್ಟಿದ್ದು ಗುರುತು ಸಿಗದಿರಲೆಂದು. ಅದೇ ಅವನು ಮಾಡಿದ ದೊಡ್ಡ ತಪ್ಪು.

ತರೀಕೆರೆ ಶಾಖೆಯ ಯಜಮಾನರು ಕಲ್ಲೇಶಪ್ಪ ಎಂಬುವರು, ವಿಭೂತಿ ಧರಿಸಿದ ದೊಡ್ಡ ಮೈಯ ಮನುಷ್ಯ. ಕಪ್ಪು ಕೋಟಿನ ಅಪರಿಚಿತರೊಬ್ಬರು ಬಂದು ಮೂಲೆಯಲ್ಲಿ ಕೂತು, ಯಾರ ಜೊತೆಗೂ ಮಾತಾಡದೆ, ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, ಮೇಜಿನ ಕೆಳಗೆ ಬಗ್ಗಿ ನೋಡಿ, ನೀರನ್ನು ಮೂಸಿ ನೋಡಿದ್ದನ್ನು ಕಂಡರು. ಅವರು ಗಲ್ಲಾ ಬಿಟ್ಟು ಎದ್ದರು. ಕೆಲಸದವನ ಕೈಯಿಂದ ತಟ್ಟೆ ಕಿತ್ತುಕೊಂಡು ತಾವೇ ತಂದಿಟ್ಟರು.

ಲಕ್ಷ್ಮೀಪತಿ ಸಾಂಬಾರನ್ನು ಚಮಚದಲ್ಲಿ ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದ. ತನ್ನ ಸಾಂಬಾರಿನ ಹಾಗೆ ಅದು ಇರಲಿಲ್ಲ. ಇನ್ನೂ ಘಮಘಮ ಇತ್ತು. ಇದೇ ನಿಜವಾದ ಕಂಪನಿಯ ರುಚಿಯಿರಬೇಕು, ತನ್ನದೇ ತಪ್ಪಿದೆ ಎಂದುಕೊಂಡು ನಿಟ್ಟುಸಿರು ಬಿಟ್ಟ.

ಆ ನಿಟ್ಟುಸಿರು ಕೇಳಿ ಕಲ್ಲೇಶಪ್ಪನವರ ಮುಖದ ರಕ್ತ ಇಳಿಯಿತು. “ಸ್ವಾಮಿಯವರು... ಬಿಸಿ ಕಮ್ಮಿ ಆಯ್ತಾ?”

ಗುಟ್ಟು ಬಿಟ್ಟುಕೊಡಬಾರದಲ್ಲ, ಲಕ್ಷ್ಮೀಪತಿ ತಲೆಯಾಡಿಸಿದ, ಅಷ್ಟೆ. ಹೊಸ ಸಾಂಬಾರು ಬಂತು. ಕೇಸರಿಬಾತು ತಾನಾಗಿ ಬಂತು. ಕಾಫಿ ಬಂತು. ಕಲ್ಲೇಶಪ್ಪನವರು ಪಕ್ಕದಲ್ಲಿ ನಿಂತು ಬೀಸಣಿಗೆಯಿಂದ ಗಾಳಿ ಹಾಕಿದರು. ದುಡ್ಡು ಕೊಡಲು ಹೋದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ಬಾಳೆಹಣ್ಣಿನ ಚಿಪ್ಪೊಂದನ್ನು ಕೊಡೆಯ ಹಿಡಿಗೆ ನೇತುಹಾಕಿ, ಬಸ್ಸಿನವರೆಗೂ ಬಂದು, ಅಜ್ಜಂಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂರಿಸಿ ಕೈಮುಗಿದು ನಿಂತರು.

ದಾರಿಯುದ್ದಕ್ಕೂ ಲಕ್ಷ್ಮೀಪತಿ ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೆನೆದ. ತರೀಕೆರೆಯಲ್ಲಿ ಬಂದ ಗಿರಾಕಿಗೆ ಇಷ್ಟು ಮರ್ಯಾದೆ! ನಾನಾದರೋ ಬರೀ ‘ದಯಮಾಡಿಸಿ’ ಎಂದು ಸುಮ್ಮನಾಗುತ್ತಿದ್ದೇನೆ! ಪರೀಕ್ಷಕರು ಬಂದ ದಿನವೇ ನನ್ನ ಕಥೆ ಮುಗಿಯಿತು!

ಮಾರನೆಯ ದಿನದಿಂದ ಅಜ್ಜಂಪುರ ಶಾಖೆಯಲ್ಲಿ ಗಿರಾಕಿಗಳಿಗೆ ಗಾಳಿ ಹಾಕುವುದು ಶುರುವಾಯಿತು. ಬಾಗಿಲಲ್ಲಿ ಕೈಮುಗಿದು ಕರೆತರುವುದು, ತಿಂದವರ ಹಿಂದೆ ಸ್ಟೇಷನ್ನಿನವರೆಗೂ ನಡೆದು ಹೋಗಿ ಗಾಡಿ ಹತ್ತಿಸುವುದು. ಜನಕ್ಕೆ ದಿಗಿಲಾಯಿತು. ಬೀಸಣಿಗೆ ಹಿಡಿದು ಹಿಂದೆ ನಿಂತವನ ಕೈ ನಡುಗುತ್ತಿದ್ದರೆ ಯಾರಿಗೆ ತಾನೇ ಇಡ್ಲಿ ಗಂಟಲಲ್ಲಿ ಇಳಿಯುತ್ತದೆ? ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾನೆ ಎಂದರು ಕೆಲವರು. ಇಡ್ಲಿಯಲ್ಲಿ ಏನೋ ಬಿದ್ದಿದೆ, ಅದಕ್ಕೇ ಹೀಗೆ ಪಶ್ಚಾತ್ತಾಪ ಎಂದರು ಮತ್ತೆ ಕೆಲವರು. ಸ್ಟೇಷನ್ ಮಾಸ್ತರರು ಎರಡು ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು. ಅದನ್ನು ಕಂಡು ಲಕ್ಷ್ಮೀಪತಿಗೆ ಇನ್ನಷ್ಟು ಹೆದರಿಕೆ, ಇನ್ನಷ್ಟು ಗಾಳಿ.

ಇದರ ಮೇಲೆ ಕಂಪನಿಯ ಸಾಂಬಾರು ಪುಡಿ ಮುಗಿಯಿತು. ಹೊಸ ಡಬ್ಬಿಗೆ ಬರೆದು ಬಹಳ ದಿನವಾಗಿದ್ದರೂ ಬೆಂಗಳೂರಿನಿಂದ ಡಬ್ಬಿ ಬರಲಿಲ್ಲ. ಪ್ರತಿ ಗಾಡಿ ಬಂದಾಗಲೂ ಲಕ್ಷ್ಮೀಪತಿ ಪಾರ್ಸೆಲ್ ಆಫೀಸಿಗೆ ಓಡಿದ. ಬೇರೆ ಪುಡಿ ಹಾಕಿದರೆ ಕರಾರು ಮುರಿಯುತ್ತದೆ, ಹಾಕದಿದ್ದರೆ ಸಾಂಬಾರೇ ಇಲ್ಲ, ಸಾಂಬಾರಿಲ್ಲದಿದ್ದರೂ ಕರಾರು ಮುರಿಯುತ್ತದೆ.

ಭಾಗೀರಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನೀವು ಹೋಗಿ ಗಲ್ಲಾದಲ್ಲಿ ಕೂತ್ಕೊಳ್ಳಿ. ಪುಡಿ ನಾನು ಕುಟ್ತೀನಿ. ಹುಚ್ಚೆಳ್ಳೂ ಹುರೀತೀನಿ, ರೊಟ್ಟಿನೂ ತಟ್ತೀನಿ. ಕರಿಸಿದ್ದಪ್ಪ ಹಿತ್ತಲ ಬಾಗಿಲಲ್ಲಿ ಬಂದು ಕೂತಿದ್ದಾನೆ ಪಾಪ.”

“ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ! ಇವತ್ತೇ ಪರೀಕ್ಷಕರು ಬಂದ್ಬಿಟ್ರೆ?”

“ಬಂದ್ರೆ ಅವರಿಗೂ ಒಂದು ರೊಟ್ಟಿ.”

ಅವಳು ಪುಡಿ ಕುಟ್ಟಿ, ಸಾಂಬಾರು ಕುದಿಸಿ, ರೊಟ್ಟಿ ತಟ್ಟಲು ಶುರು ಮಾಡಿದ ಹೊತ್ತಿಗೆ ಸರಿಯಾಗಿ ತರೀಕೆರೆಯ ಬಸ್ಸು ಬಂದು ನಿಂತಿತು. ಅದರಿಂದ ಹಣ್ಣಿನ ಬುಟ್ಟಿ ಹಿಡಿದು ಕಲ್ಲೇಶಪ್ಪನವರು ಇಳಿದರು.

ಕಲ್ಲೇಶಪ್ಪನವರಿಗೆ ಆವತ್ತಿನಿಂದ ನಿದ್ದೆ ಇರಲಿಲ್ಲ. ಅವರಿಗೂ ಪುಡಿಯ ಡಬ್ಬಿ ಬಂದಿರಲಿಲ್ಲ. ಅಂದು ಕಪ್ಪು ಕೋಟಿನ ಪರೀಕ್ಷಕರಿಗೆ ಬಡಿಸಿದ್ದು ತಮ್ಮ ಅತ್ತಿಗೆ ಕುಟ್ಟಿದ ಪುಡಿಯ ಸಾಂಬಾರು. ಪರೀಕ್ಷಕರು ಅದನ್ನು ನಾಲಿಗೆಗೆ ಮುಟ್ಟಿಸಿಕೊಂಡು ನಿಟ್ಟುಸಿರು ಬಿಟ್ಟಿದ್ದು ಕಿವಿಯಲ್ಲೇ ಇತ್ತು. ಅವರು ಅಜ್ಜಂಪುರದ ಬಸ್ಸು ಹತ್ತಿದ್ದರಿಂದ, ಅಲ್ಲಿನ ಶಾಖೆಯಲ್ಲಿ ವಿಚಾರಿಸಿ, ಎಲ್ಲಿದ್ದಾರೋ ಹುಡುಕಿ ಕಾಲು ಹಿಡಿಯೋಣವೆಂದು ಬಂದಿದ್ದರು.

ಒಳಗೆ ಕಾಲಿಟ್ಟವರು ಗಲ್ಲಾದ ಮೇಲೆ ಕೂತವನನ್ನು ನೋಡಿ ಕಂಬದ ಹಾಗೆ ನಿಂತುಬಿಟ್ಟರು. ಅದೇ ಮುಖ! ಅದೇ ಮೀಸೆ! ಪರೀಕ್ಷಕರು ಅಜ್ಜಂಪುರದ ಯಜಮಾನನನ್ನು ಓಡಿಸಿ, ತಾವೇ ಗಲ್ಲಾ ಹಿಡಿದು ಕೂತಿದ್ದಾರೆ! ನಾಳೆ ತರೀಕೆರೆಯಲ್ಲೂ ಇದೇ ಗತಿ!

ಇತ್ತ ಲಕ್ಷ್ಮೀಪತಿಯೂ ಎದ್ದು ನಿಂತಿದ್ದ. ತರೀಕೆರೆಯ ಯಜಮಾನರು! ಅಷ್ಟು ಚೆನ್ನಾಗಿ ಶಾಖೆ ನಡೆಸುವವರನ್ನು ಕಂಪನಿಯವರು ಬಿಟ್ಟಾರೆಯೇ? ಇವರನ್ನೇ ಪರೀಕ್ಷಕರನ್ನಾಗಿ ಮಾಡಿ ಕಳಿಸಿದ್ದಾರೆ. ತಾನು ಕಳ್ಳನ ಹಾಗೆ ಅಲ್ಲಿಗೆ ಹೋಗಿ ಬಂದದ್ದೂ ಇವರಿಗೆ ಗೊತ್ತು!

ಹೋಟಲಿನಲ್ಲಿ ತಿನ್ನುತ್ತಿದ್ದವರ ಕೈಗಳು ಬಾಯಿಯ ಹತ್ತಿರವೇ ನಿಂತವು.

“ತಪ್ಪಾಯ್ತು ಸ್ವಾಮಿ!” ಎಂದರು ಕಲ್ಲೇಶಪ್ಪನವರು, ಬುಟ್ಟಿ ಕೆಳಗೆ ಹಾಕಿ.

“ಇಲ್ಲ ಸ್ವಾಮಿ, ನನ್ನದೇ ತಪ್ಪು!” ಎಂದ ಲಕ್ಷ್ಮೀಪತಿ.

“ಪುಡಿ ನಮ್ಮನೇದು!”

“ನಮ್ಮದೂ ನಮ್ಮನೇದೇ!”

“ಅತ್ತಿಗೆ ಕುಟ್ಟಿದ್ದು! ಅವರನ್ನ ಏನೂ ಅನ್ಬೇಡಿ, ನಾನೇ ಹೇಳಿ ಕುಟ್ಟಿಸಿದೆ!”

“ಹೆಂಡ್ತಿ ಕುಟ್ಟಿದ್ದು! ರೊಟ್ಟಿನೂ ತಟ್ತಿದ್ದಾಳೆ ಸ್ವಾಮಿ, ಹಿತ್ತಲಲ್ಲಿ! ಹುಚ್ಚೆಳ್ಳು ಚಟ್ನಿನೂ ಇದೆ!”

“ಬೋರ್ಡು ಇಳಿಸ್ಬೇಡಿ! ಮಗಳ ಮದುವೆ ಆ ಬೋರ್ಡು ನೋಡಿಯೇ ಗೊತ್ತಾಗಿರೋದು!”

“ನೀವು ಇಳಿಸ್ಬೇಡಿ! ನಾನು ಮತ್ತೆ ಸಂಬಳದವನಾಗ್ತೀನಿ!”

ಹೀಗೆ ಹೇಳುತ್ತ ಇಬ್ಬರೂ ಒಬ್ಬರ ಕಾಲಿಗೊಬ್ಬರು ಬೀಳಲು ಒಟ್ಟಿಗೇ ಬಗ್ಗಿದರು. ಲಕ್ಷ್ಮೀಪತಿಯ ತಲೆ, ಕಲ್ಲೇಶಪ್ಪನವರ ತಲೆ ಢೀ ಹೊಡೆದವು. ಸದ್ದಿಗೆ ಮಂಡಿಯಿಂದ ಚನ್ನಬಸಪ್ಪನವರು ಓಡಿಬಂದರು. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಭಾಗೀರಥಮ್ಮ ಬಂದಳು. ಅವಳ ಹಿಂದೆ ರೊಟ್ಟಿ ಕಚ್ಚಿಕೊಂಡೇ ಕರಿಸಿದ್ದಪ್ಪ.

“ನೀವ್ಯಾರು ಸ್ವಾಮಿ?” ಎಂದು ಭಾಗೀರಥಮ್ಮ ಕೇಳಿದಳು.

“ನಾನು... ತರೀಕೆರೆ ಶಾಖೆ ನಡೆಸೋನು ತಾಯಿ, ಕಲ್ಲೇಶಪ್ಪ. ಈ ಪರೀಕ್ಷಕರ ಹತ್ರ...”

“ಯಾವ ಪರೀಕ್ಷಕರು? ಇವರು ನಮ್ಮ ಯಜಮಾನ್ರು.”

ಚನ್ನಬಸಪ್ಪನವರು ಬೆಂಚಿನ ಮೇಲೆ ಕೂತು ಕಣ್ಣೀರು ಬರುವ ಹಾಗೆ ನಕ್ಕರು. ಹೋಟಲೆಲ್ಲ ನಕ್ಕಿತು. ಕಲ್ಲೇಶಪ್ಪನವರು ಹಣೆ ಉಜ್ಜಿಕೊಳ್ಳುತ್ತಲೇ ನಕ್ಕರು. ಲಕ್ಷ್ಮೀಪತಿಗೆ ಮಾತ್ರ ನಗು ಬರುವುದು ಸ್ವಲ್ಪ ತಡವಾಯಿತು. ಬಂದಾಗ ಬಹಳ ಜೋರಾಗಿ ಬಂತು. “ಎಲ್ಲಾರ್ಗೂ ರೊಟ್ಟಿ ಹಾಕೇ!” ಎಂದು ಕೂಗಿದ. “ಕಂಪನಿಯಂತೆ ಕಂಪನಿ! ಡಬ್ಬಿ ಕಳಿಸೋ ಯೋಗ್ಯತೆ ಇಲ್ಲ, ಪರೀಕ್ಷಕರನ್ನ ಕಳಿಸ್ತಾರಂತೆ! ಬರಲಿ ನೋಡ್ತೀನಿ!”

“ನನಗೂ ಒಂದು,” ಎಂದಿತು ಮೂಲೆಯಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಗಾಡಿಯಿಳಿದು ಬಂದು ಬಹಳ ಹೊತ್ತಿನಿಂದ ಅಲ್ಲಿ ಕೂತಿದ್ದ ಮನುಷ್ಯ, ಬಡಕಲು ಮೈ, ಹಳದಿ ಬಣ್ಣದ ಮುಖ. ಎದುರಿಗಿದ್ದ ಇಡ್ಲಿ ಸಾಂಬಾರನ್ನು ಮುಟ್ಟಿರಲಿಲ್ಲ.

“ನಾನು ರಾಮಸ್ವಾಮಿ. ಚಂಪಕ ವಿಹಾರದ ಪರೀಕ್ಷಕ,” ಎಂದ ಅವನು.

ನಗು ನಿಂತ ರೀತಿಗೆ, ಒಳಗೆ ಕಾವಲಿಯ ಮೇಲೆ ರೊಟ್ಟಿ ಸೀಯುವ ಸದ್ದು ಹೊರಗೆ ಕೇಳಿಸಿತು. ಲಕ್ಷ್ಮೀಪತಿ ಗೋಡೆ ಹಿಡಿದುಕೊಂಡ. ಕಲ್ಲೇಶಪ್ಪನವರು ಲಕ್ಷ್ಮೀಪತಿಯನ್ನು ಹಿಡಿದುಕೊಂಡರು.

ಭಾಗೀರಥಮ್ಮ ಒಬ್ಬಳೇ ಅಲ್ಲಾಡಲಿಲ್ಲ. ರೊಟ್ಟಿಯ ತಟ್ಟೆ ತಂದು ಅವನ ಮುಂದಿಟ್ಟಳು. “ನೋಡಿ, ಪುಡಿ ನಾನೇ ಕುಟ್ಟಿದ್ದು. ರೊಟ್ಟಿ ನಾನೇ ತಟ್ಟಿದ್ದು. ಇನ್ನು ಮೇಲೆ ಕದ್ದು ಮುಚ್ಚಿ ಹಿತ್ತಲಲ್ಲಿ ಬಡಿಸೋದು ನನ್ನ ಕೈಲಾಗೋಲ್ಲ. ಬೋರ್ಡು ಬೇಕಾದ್ರೆ ತಗೊಂಡ್ಹೋಗಿ. ಮೊದಲು ತಿನ್ನಿ, ಮುಖ ನೋಡಿದ್ರೆ ತಿಂದು ಎಷ್ಟು ದಿನ ಆಯ್ತೋ ಏನೋ.”

ರಾಮಸ್ವಾಮಿ ರೊಟ್ಟಿ ಮುರಿದ. ತಿಂದ. ಅವನ ಕಣ್ಣಂಚಿನಲ್ಲಿ ನೀರು ಕಾಣಿಸಿತು.

“ಅಮ್ಮಾ,” ಎಂದ. “ಹತ್ತೂರಿನ ಸಾಂಬಾರು ತಿಂದು ತಿಂದು ನನ್ನ ಹೊಟ್ಟೆ ಹುಣ್ಣಾಗಿದೆ. ಡಾಕ್ಟರು ಮುಟ್ಟಲೇಬೇಡ ಅಂದಿದ್ದಾರೆ. ಯಜಮಾನರಿಗೆ ಹೇಳೋಕೆ ಭಯ, ಕೆಲಸ ಹೋಗುತ್ತೆ. ಆರು ತಿಂಗಳಿಂದ ಯಾವ ಶಾಖೆಯಲ್ಲೂ ಸಾಂಬಾರು ಬಾಯಿಗಿಟ್ಟಿಲ್ಲ. ಎಲ್ಲ ಸರಿಯಾಗಿದೆ ಅಂತ ಬರೆದು ಕಳಿಸ್ತಿದ್ದೀನಿ. ಯಾರಾದ್ರೂ ಹಿಡಿದುಬಿಡ್ತಾರೇನೋ ಅಂತ ಎದೆ ಡವಡವ ಹೊಡ್ಕೊಳ್ಳುತ್ತೆ.”

“ಆ ಡಬ್ಬಿ?” ಎಂದು ಲಕ್ಷ್ಮೀಪತಿ ಗೋಡೆಯಿಂದಲೇ ಕೇಳಿದ.

“ಪುಡಿ ಮಾಡೋ ಮಿಷನ್ನು ಕೆಟ್ಟಿದೆ. ಯಜಮಾನರಿಗೆ ಅದನ್ನ ಶಾಖೆಗಳಿಗೆ ತಿಳಿಸೋಕೆ ಭಯ. ತಿಳಿಸಿದ್ರೆ ಎಲ್ಲರೂ ಬೋರ್ಡು ಇಳಿಸಿ ತಮ್ಮ ದಾರಿ ತಾವು ನೋಡ್ಕೋತಾರಲ್ಲ.”

ಕರಿಸಿದ್ದಪ್ಪ ರೊಟ್ಟಿ ನುಂಗಿ ಬಾಯಿ ಒರೆಸಿಕೊಂಡ. “ಅಂಗಾರೆ ಯಾರಿಗ್ಯಾರು ಎದರ್ಕೊಂಡಿರೋದು ಸಾಮಿ?” ಎಂದ. ಭಾಗೀರಥಮ್ಮ ರಾಮಸ್ವಾಮಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಬೆಂಗಳೂರಿಗೆ ಹೋದ ರಾಮಸ್ವಾಮಿ ಗಟ್ಟಿ ಮನಸ್ಸು ಮಾಡಿ ಯಜಮಾನರಿಗೆ ಎಲ್ಲವನ್ನೂ ಹೇಳಿದ. ಮಿಷನ್ನು ಕೆಟ್ಟಿದ್ದ ಕಾಲವಾದ್ದರಿಂದ ಯಜಮಾನರು ಕೂಗಾಡುವ ಸ್ಥಿತಿಯಲ್ಲಿರಲಿಲ್ಲ. ಒಂದೊಂದು ಶಾಖೆಯೂ ಊರಿನ ಒಂದು ತಿಂಡಿ ಮಾಡಿಕೊಳ್ಳಬಹುದು ಎಂದು ಒಪ್ಪಿದರು. ಅಜ್ಜಂಪುರಕ್ಕೆ ರೊಟ್ಟಿಯ ಅಪ್ಪಣೆ ಸಿಕ್ಕಿತು. ರಾಮಸ್ವಾಮಿಗೆ ಸಾಂಬಾರಿಲ್ಲದ ಜಾಗದಲ್ಲಿ, ಆಫೀಸಿನಲ್ಲಿ, ಕೆಲಸ ಸಿಕ್ಕಿತು. ಖಾಲಿಯಾದ ಜಾಗಕ್ಕೆ ಯಾರು ಎಂದು ಯಜಮಾನರು ಕೇಳಿದಾಗ ರಾಮಸ್ವಾಮಿ ತಡವರಿಸದೆ ಒಂದು ಹೆಸರು ಹೇಳಿದ: “ಅವರಷ್ಟು ಹೆದರೋ ಮನುಷ್ಯರನ್ನ ನಾನು ಕಂಡಿಲ್ಲ. ಅಂಥವರು ಯಾವ ಕಾಲಕ್ಕೂ ಮೋಸ ಮಾಡಲಾರರು.”

ಹೀಗೆ ಈ ಸೀಮೆಯ ಶಾಖೆಗಳಿಗೆಲ್ಲ ಲಕ್ಷ್ಮೀಪತಿ ಪರೀಕ್ಷಕನಾದ. ಬೇಡ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಹೋಟಲನ್ನು ಭಾಗೀರಥಮ್ಮನಿಗೆ ಒಪ್ಪಿಸಿ, ಗಾಡಿ ಹತ್ತಿ, ಬೀರೂರಿನಲ್ಲಿ ಗಾಡಿ ಬದಲಿಸಿ, ಮೊದಲ ಪರೀಕ್ಷೆಗೆಂದು ಕಡೂರಿನಲ್ಲಿ ಇಳಿದ.

ಕಡೂರು ಶಾಖೆಯ ಬಾಗಿಲಲ್ಲಿ ಅವನ ಕಾಲು ಮುಂದೆ ಹೋಗಲಿಲ್ಲ. ಗುರುತು ಹಿಡಿದರೆ? ಬೈದರೆ? ಹೊಡೆದರೆ? ಒಂದಿಷ್ಟು ಹೊತ್ತು ಹೊರಗೆ ಅಡ್ಡಾಡಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಒಳಗೆ ನುಗ್ಗಿ ಕೂತು ಕಾಫಿ ಕೇಳಿದ. ಅಲ್ಲಿನ ಯಜಮಾನ ಚಂದ್ರಶೇಖರ ಎಂಬ ಹರೆಯದವನು. ಬಾಗಿಲಲ್ಲಿ ಅಷ್ಟು ಹೊತ್ತು ಅಡ್ಡಾಡಿ ಬೆವರೊರೆಸಿಕೊಂಡು ಬಂದವರು ಯಾರಿರಬಹುದೆಂದು ಊಹಿಸಿ ಅವನು ಆಗಲೇ ಗಲ್ಲಾ ಬಿಟ್ಟು ಎದ್ದಿದ್ದ. ಕಾಫಿಯ ಲೋಟ ಬಟ್ಟಲನ್ನು ತಾನೇ ತಂದ. ಅವನ ಕೈ ನಡುಗುತ್ತಿತ್ತು. ತೆಗೆದುಕೊಳ್ಳಲು ಚಾಚಿದ ಲಕ್ಷ್ಮೀಪತಿಯ ಕೈಯೂ ನಡುಗುತ್ತಿತ್ತು. ಎರಡು ಕೈಗಳ ನಡುವೆ ಲೋಟ ಗಿಲಕಿಯ ಹಾಗೆ ಕಿಣಿಕಿಣಿ ಎಂದಿತು, ಕಾಫಿಯಷ್ಟೂ ಮೇಜಿನ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು.

“ಬಹಳ ಚೆನ್ನಾಗಿದೆ ಸ್ವಾಮಿ, ಬಹಳ ಚೆನ್ನಾಗಿದೆ!” ಎಂದ ಲಕ್ಷ್ಮೀಪತಿ, ಖಾಲಿ ಲೋಟವನ್ನು ಎದೆಗೆ ಒತ್ತಿ ಹಿಡಿದುಕೊಂಡು.

“ತಾವು ಇನ್ನೂ ಕುಡಿದೇ ಇಲ್ಲವಲ್ಲ ಸ್ವಾಮಿ,” ಎಂದ ಚಂದ್ರಶೇಖರ, ಅಳುವ ದನಿಯಲ್ಲಿ.